ನಂಬರ್ ಏರ್ತಾ ಇದ್ರೆ ಬರೀ ಕನ್ನಡಕ ಬದಲಾಯಿಸಿ ಸುಮ್ನಾಗ್ಬೇಡಿ
ಎಲ್ಲರಿಗೂ ನಮಸ್ಕಾರ. ವಿದೇಶದಲ್ಲಿರೋ ನಮ್ಮ ಪೋಷಕರ ಗುಂಪಲ್ಲಿ ಒಬ್ರು ಕೇಳಿದ್ರು, ಮಯೋಪಿಯಾ (ದೂರದ್ದು ಮಸುಕಾಗಿ ಕಾಣೋ ತೊಂದರೆ) ಇರೋ 8 ವರ್ಷದ ಮಗಳ ಕನ್ನಡಕದ ನಂಬರ್ ಒಂದೇ ವರ್ಷದಲ್ಲಿ ಮೈನಸ್ 1.5ರಿಂದ 2.5ಕ್ಕೆ ಹೋಗಿದೆ, ಡಾಕ್ಟ್ರು ಹೊಸ ಗ್ಲಾಸ್ ಬರೆದು ಕಳಿಸಿಬಿಟ್ರು, ಇಷ್ಟೇನಾ ಅಂತ. ಇಷ್ಟೇ ಅಲ್ಲ. ನಮ್ಮನೇಲೂ ಇಬ್ರು ಮಕ್ಕಳಿಗೂ ಇದೇ ಕಥೆ, ಅದಕ್ಕೆ ಸ್ವಲ್ಪ ಉದ್ದ ಬರೀತಿದ್ದೀನಿ.

ಮಾಮೂಲಿ ಕನ್ನಡಕ ಬೋರ್ಡ್ ಕಾಣೋ ಹಾಗೆ ಮಾಡುತ್ತೆ ಅಷ್ಟೆ, ಕಣ್ಣುಗುಡ್ಡೆ ಹಿಂದಕ್ಕೆ ಉದ್ದ ಬೆಳೀತಾ ಇರುತ್ತಲ್ಲ ಅದನ್ನ ತಡೆಯಲ್ಲ. 1 ಮಿ.ಮೀ. ಹೆಚ್ಚಾಗಿ ಬೆಳೆದ್ರೆ ಸುಮಾರು 2.5ರಿಂದ 3 ನಂಬರ್ ಏರುತ್ತೆ. ಮೈನಸ್ 6 ದಾಟಿದವ್ರಿಗೆ ಮುಂದೆ ರೆಟಿನಾ (ಕಣ್ಣಿನ ಹಿಂದಿನ ಪರದೆ) ಕಳಚಿಕೊಳ್ಳೋದು, ಗ್ಲಾಕೋಮಾ (ಕಣ್ಣಿನ ನರ ಹಾಳಾಗೋ ಕಾಯಿಲೆ) ಇವುಗಳ ರಿಸ್ಕ್ ಜಾಸ್ತಿ. ದೊಡ್ಡವಳಾದ್ಮೇಲೆ ಲೇಸರ್ ಮಾಡಿಸಿದ್ರಾಯ್ತು ಬಿಡಿ ಅನ್ನೋರು ಗುಂಪಲ್ಲೇ ಇದ್ದಾರೆ, ಆದ್ರೆ ಲೇಸರ್ ಸರಿಮಾಡೋದು ಕಣ್ಣಿನ ಮುಂದಿನ ಪಾರದರ್ಶಕ ಪದರ ಕಾರ್ನಿಯಾನ, ಹಿಂದೆ ಉದ್ದ ಆಗಿರೋ ಕಣ್ಣು ಹಾಗೇ ಇರುತ್ತೆ.

ಅದಕ್ಕೆ ಮುಂದಿನ ಸಲ ಹೋದಾಗ ಆಕ್ಸಿಯಲ್ ಲೆಂತ್ (ಕಣ್ಣುಗುಡ್ಡೆಯ ಮುಂದಿನಿಂದ ಹಿಂದಿನವರೆಗಿನ ಉದ್ದ) ಅಳೀತೀರಾ ಅಂತ ಬಾಯಿಬಿಟ್ಟು ಕೇಳಿ. ನೋವಿಲ್ಲ, ಕಣ್ಣು ಮುಟ್ಟೋದೂ ಇಲ್ಲ, ಮಗು ಮಷಿನ್ ಮೇಲೆ ಗದ್ದ ಇಟ್ಕೊಂಡು ಒಳಗಿನ ಸಣ್ಣ ಲೈಟ್ ನೋಡ್ಬೇಕು, ಕೆಲವೇ ಸೆಕೆಂಡಲ್ಲಿ 24.1, 24.3 ಮಿ.ಮೀ. ಅಂತ ಎರಡೂ ಕಣ್ಣಿಂದು ಪ್ರಿಂಟ್ ಬರುತ್ತೆ. ಆರು ತಿಂಗಳಿಗೊಮ್ಮೆ ಅಳೆಸಿದ್ರೆ ಟ್ರೀಟ್ಮೆಂಟ್ ಕೆಲಸ ಮಾಡ್ತಿದ್ಯಾ ಇಲ್ವಾ ಅನ್ನೋದು ಕನ್ನಡಕದ ನಂಬರಿಗಿಂತ ಚೆನ್ನಾಗಿ ಗೊತ್ತಾಗುತ್ತೆ. ನಂಬರ್ ನೋಡೋದೂ ಕಣ್ಣಿನ ಫೋಕಸ್ ಸಡಿಲ ಮಾಡೋ ಡ್ರಾಪ್ಸ್ ಹಾಕಿಸಿಯೇ ನೋಡಿಸಿ, ಮಕ್ಕಳು ಕಣ್ಣು ಬಿಗಿಹಿಡಿದು ನೋಡ್ತಾರೆ, ಹಾಗಾಗಿ ಇರೋದಕ್ಕಿಂತ ಜಾಸ್ತಿ ನಂಬರ್ ಬಂದುಬಿಡುತ್ತೆ.

ಇನ್ನು ನಂಬರ್ ಏರೋದನ್ನ ನಿಧಾನ ಮಾಡೋ ದಾರಿಗಳು. ಮಯೋಪಿಯಾ ಕಂಟ್ರೋಲ್ ಲೆನ್ಸ್ ಇರೋ ಕನ್ನಡಕ ಇದೆ, ಅಂಥ ಒಂದು ಲೆನ್ಸ್ ಮೇಲೆ ಹಾಂಗ್‌ಕಾಂಗ್‌ನಲ್ಲಿ ನಡೆದ 2 ವರ್ಷದ ಟ್ರಯಲ್‌ನಲ್ಲಿ ಮಾಮೂಲಿ ಲೆನ್ಸ್‌ಗಿಂತ ನಂಬರ್ ಏರಿಕೆ 52% ಕಮ್ಮಿ ಬಂತು. ಚಿಕ್ಕ ಮಕ್ಕಳಿಗೆ ನನ್ನ ಓಟು ಇದಕ್ಕೇ, ರಗಳೆ ಇಲ್ಲ. ಹಗಲು ಹಾಕೋ ಮೈಸೈಟ್ ಅನ್ನೋ ಬ್ರಾಂಡಿನ ಕಾಂಟ್ಯಾಕ್ಟ್ ಲೆನ್ಸ್‌ಗೆ ಅಮೆರಿಕದಲ್ಲಿ 2019ರಲ್ಲೇ ಒಪ್ಪಿಗೆ ಸಿಕ್ಕಿದೆ. ರಾತ್ರಿ ಹಾಕ್ಕೊಂಡು ಮಲಗೋ ಆರ್ಥೋ-ಕೆ ಅನ್ನೋ ಗಟ್ಟಿ ಕಾಂಟ್ಯಾಕ್ಟ್ ಲೆನ್ಸ್ ಕೂಡ ಕೆಲಸ ಮಾಡುತ್ತೆ, ಆದ್ರೆ ಇನ್ಫೆಕ್ಷನ್ ಭಯ ಇದ್ದೇ ಇದೆ, ಕೈ ತೊಳ್ಯೋ ಅಂದ್ರೆ ಓಡಿಹೋಗೋ ವಯಸ್ಸಿನ ಮಕ್ಕಳಿಗೆ ಯೋಚನೆ ಮಾಡಿ.

ನಂಬರ್ ಏರೋದು ನಿಧಾನ ಆಗ್ಲಿ ಅಂತ ಅಟ್ರೋಪಿನ್ ಅನ್ನೋ ಡ್ರಾಪ್ಸ್ ಕೊಟ್ರೆ ಎಷ್ಟು ಪರ್ಸೆಂಟ್ ಅಂತ ಕೇಳಿ. ತುಂಬಾ ಕಡೆ 0.01% ಕೊಡ್ತಾರೆ, ಆದ್ರೆ ಅಮೆರಿಕದ ಒಂದು ಟ್ರಯಲ್‌ನಲ್ಲಿ (2023) ಅದಕ್ಕೂ ಔಷಧಿಯೇ ಇಲ್ಲದ ಡ್ರಾಪ್ಸ್‌ಗೂ ವ್ಯತ್ಯಾಸ ಕಾಣಲಿಲ್ಲ. ಹಾಂಗ್‌ಕಾಂಗ್‌ನವರು 0.05, 0.025, 0.01 ಮೂರನ್ನೂ ಹೋಲಿಸಿ ನೋಡಿದಾಗ 0.05% ಗೆದ್ದಿತು. ಡಾಕ್ಟ್ರನ್ನ ಕೇಳದೆ ದಿಢೀರ್ ನಿಲ್ಲಿಸ್ಬೇಡಿ, ನಿಲ್ಲಿಸಿದ್ಮೇಲೆ ಮತ್ತೆ ಜೋರಾಗಿ ಏರೋದುಂಟು.

ಹೊರಗೆ ಆಡಿಸೋದು ಇನ್ನೂ ಕನ್ನಡಕ ಬರದ ತಮ್ಮ ತಂಗಿಯರಿಗೆ ಜಾಸ್ತಿ ಉಪಯೋಗ. ಚೀನಾದ ಗುವಾಂಗ್‌ಝೌ ಸ್ಕೂಲುಗಳಲ್ಲಿ ದಿನಕ್ಕೆ ಬರೀ 40 ನಿಮಿಷ ಹೆಚ್ಚುವರಿ ಹೊರಗೆ ಬಿಟ್ಟಿದ್ದಕ್ಕೆ 3 ವರ್ಷದಲ್ಲಿ ಹೊಸದಾಗಿ ಮಯೋಪಿಯಾ ಬಂದವ್ರು 30.4% ಮಾತ್ರ, ಹಾಗೆ ಬಿಡದ ಸ್ಕೂಲುಗಳಲ್ಲಿ 39.5%. ಇಲ್ಲಿ ಮೋಡ, ಬಿಸಿಲೇ ಇಲ್ಲ ಅಂತೀರಾ? ಮೋಡ ಕವಿದ ಹಗಲೂ ನಮ್ಮ ಮನೆಯೊಳಗಿನ ಲೈಟಿಗಿಂತ ಎಷ್ಟೋ ಪಟ್ಟು ಪ್ರಕಾಶ, ಜಾಕೆಟ್ ಹಾಕಿ ಕಳಿಸಿ.

ವಿಡಿಯೋ ಕಾಲಲ್ಲಿ ಅಜ್ಜಿ ತಾತ ಹೇಳೋದೊಂದಿದೆ, ಕನ್ನಡಕ ಹಾಕಿದಷ್ಟೂ ನಂಬರ್ ಏರುತ್ತೆ, ಕಮ್ಮಿ ಪವರ್ ಕೊಡ್ಸಿ ಅಂತ. ಅವ್ರ ಪ್ರೀತಿ ದೊಡ್ಡದು, ಮಾತು ಮಾತ್ರ ಕೇಳ್ಬೇಡಿ. ಮಲೇಷ್ಯಾದಲ್ಲಿ ಬೇಕಂತಲೇ ಕಮ್ಮಿ ಪವರ್ ಕೊಟ್ಟು ನೋಡಿದ್ರು (2002), ಆ ಮಕ್ಕಳ ನಂಬರ್ ಇನ್ನೂ ಬೇಗ ಏರಿತು.

ಇನ್ನೊಂದು, ನಮ್ಮಲ್ಲಿ ಎಷ್ಟೋ ಜನ ಕೆಲಸ ಬದಲಾದ್ರೆ ದೇಶಾನೇ ಬದಲಾಯಿಸ್ತೀವಿ. ಹೊರಡೋಕೆ ಮುಂಚೆ ಹಳೇ ಪ್ರಿಸ್ಕ್ರಿಪ್ಷನ್, ಆಕ್ಸಿಯಲ್ ಲೆಂತ್ ಪ್ರಿಂಟ್, ಡ್ರಾಪ್ಸ್ ಪರ್ಸೆಂಟ್ ಎಲ್ಲಾ ಫೋಟೋ ತೆಗೆದಿಟ್ಕೊಳ್ಳಿ, ಇಲ್ಲಾಂದ್ರೆ ಹೊಸ ಡಾಕ್ಟ್ರು ಮತ್ತೆ ಆರು ತಿಂಗಳು ಬಿಟ್ಟು ಬನ್ನಿ ನೋಡೋಣ ಅಂತಾರೆ.