ಟೊಮೆಟೊ ತೋಟದಲ್ಲಿ ಬಿದ್ದ ಅಮ್ಮನ ಓಲೆ: ಯಾವ ಮೆಟಲ್ ಡಿಟೆಕ್ಟರ್ ತಗೊಳ್ಳಲಿ?

ವೇಮಗಲ್ ಹುಡುಗಿ

ಎಲ್ಲರಿಗೂ ನಮಸ್ಕಾರ. ನಮ್ಮದು ಕೋಲಾರ ತಾಲ್ಲೂಕು, ವೇಮಗಲ್ ಹತ್ತಿರದ ಹಳ್ಳಿ. ಹೋದ ಶುಕ್ರವಾರ ಟೊಮೆಟೊ ಬಿಡಿಸುವಾಗ ಅಮ್ಮನ ಒಂದು ಓಲೆ ಬಿದ್ದುಹೋಯಿತು. ತಿರುಪು ಸಡಿಲ ಆಗಿತ್ತಂತೆ. ಸಂಜೆ ಬಾಕ್ಸೆಲ್ಲ ಲೋಡ್ ಮಾಡಿ ಮುಖ ತೊಳೆಯುವಾಗಲೇ ಗೊತ್ತಾಗಿದ್ದು. ಒಂದು ಓಲೆ ಮೂರು ಗ್ರಾಂ ಬರಬಹುದು. ಅಮ್ಮನ ಮದುವೆಗೆ ಅಜ್ಜಿ ಮಾಡಿಸಿಕೊಟ್ಟದ್ದು. ಅವತ್ತಿನಿಂದ ಅಮ್ಮ ಇನ್ನೊಂದನ್ನೂ ಬಿಚ್ಚಿಟ್ಟು, ಕಿವಿ ತೂತು ಮುಚ್ಚದಿರಲಿ ಅಂತ ಬೇವಿನ ಕಡ್ಡಿ ಸಿಕ್ಕಿಸಿಕೊಂಡಿದ್ದಾರೆ. ನೋಡಿದರೆ ಹೊಟ್ಟೆ ಚುರ್ ಅನ್ನುತ್ತದೆ.

ಹನ್ನೊಂದು ಗಂಟೆಗೆ ಟೀ ಕುಡಿಯುವಾಗ ಓಲೆ ಇತ್ತು, ತಂಗಿ ನೋಡಿದ್ದಾಳೆ. ಆಮೇಲೆ ಬಿಡಿಸಿದ್ದು ಎಂಟು ಸಾಲು. ಕೈಯಲ್ಲಿ ಕೆದಕಿ ನೋಡಿದ್ದಾಯಿತು. ತಮ್ಮ ಮೊಬೈಲಿನಲ್ಲಿ ಒಂದು ಡಿಟೆಕ್ಟರ್ ಆ್ಯಪ್ ಹಾಕಿಕೊಂಡು ಸುತ್ತಾಡಿದ, ಅದು ಬರೀ ತಂತಿಗೆ ಕೂಗುತ್ತದೆ.

25 ಸಾವಿರದ ತನಕ ಹಾಕಬಲ್ಲೆವು. ಆನ್‌ಲೈನಿನಲ್ಲಿ "10 ಅಡಿ ಆಳ" ಅನ್ನುವುದೂ ಇದೆ, ದೂರದಿಂದಲೇ ಚಿನ್ನ ತೋರಿಸುತ್ತೆ ಅನ್ನುವ ಆಂಟೆನಾದ್ದೂ ಇದೆ. ಯಾವುದನ್ನು ನಂಬಲಿ? ಓಲೆ ಸಿಕ್ಕ ಮೇಲೆ ಹಳೇ ಊರಿನ ಜಾಗದಲ್ಲಿ ನಾಣ್ಯ ಹುಡುಕಬೇಕು ಅಂತ ತಮ್ಮನಿಗೆ ಆಸೆ. ಎರಡಕ್ಕೂ ಒಂದೇ ಮೆಷಿನ್ ಆಗುತ್ತಾ?

ಮಾಲೂರು ರೈತ

ಅಕ್ಕಾ, ಮೊದಲು ಆ ಎಂಟು ಸಾಲಿಗೆ ಯಾರೂ ಕಾಲಿಡದ ಹಾಗೆ ನಾಲ್ಕು ಮೂಲೆಗೆ ಕಡ್ಡಿ ನೆಟ್ಟು ದಾರ ಕಟ್ಟಿ. ಟಿಲ್ಲರ್ ಅಂತೂ ಬೇಡವೇ ಬೇಡ. ಮೇಲಿದ್ದದ್ದು ಅರ್ಧ ಅಡಿ ಕೆಳಗೆ ಹೋದರೆ ಮೆಷಿನ್ ಹಿಡಿಯುವುದು ಕಷ್ಟ. ಬಾಕ್ಸಿನ ತಳ, ಗೋಣಿಚೀಲ, ಅಮ್ಮನ ಸೀರೆ ಮಡಿಕೆ ಇನ್ನೊಂದು ಸಲ ಕೊಡವಿ ನೋಡಿ.

ಬಂಗಾರಪೇಟೆ ಮೇಷ್ಟ್ರು

ನೋಡಮ್ಮಾ, ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ರಿಟೈರ್ ಆದವನು. ಆರು ವರ್ಷದ ಹಿಂದೆ ರಾಗಿ ಕಣದಲ್ಲಿ ನಮ್ಮ ಮನೆಯವರ ತಾಳಿ ಗುಂಡು ಉದುರಿಹೋಯಿತು. ಆಗ ಅವಸರದಲ್ಲಿ ಒಂದು ದೊಡ್ಡ ತಟ್ಟೆಯಂಥ ಕಾಯಿಲ್ ಇರುವ ಮೆಷಿನ್ ತಂದೆ. ಅಂಗಡಿಯವರು ಆಳದ ಲೆಕ್ಕ ಹೇಳಿದರು, ನಾನೂ ಆಳ ನೋಡಿಯೇ ತಂದೆ. ಅದು ಹೂತಿದ್ದ ಕಬ್ಬಿಣದ ಬಕೆಟ್ಟನ್ನು ಚೆನ್ನಾಗಿ ಹುಡುಕಿತು. ಗುಂಡಿನ ಮೇಲೆ ಹಿಡಿದರೆ ಸದ್ದೇ ಇಲ್ಲ. ಆ ದುಡ್ಡು ಹೋಯಿತು. ನಿಮ್ಮದು ಹೋಗಬಾರದು.

ಕಾಯಿಲ್‌ನಿಂದ ನೆಲದೊಳಗೆ ಬದಲಾಗುತ್ತಾ ಇರುವ ಕಾಂತಕ್ಷೇತ್ರ ಹೋಗುತ್ತದೆ. ಅದು ಲೋಹದಲ್ಲಿ ಸಣ್ಣ ಸುಳಿ ವಿದ್ಯುತ್ ಹುಟ್ಟಿಸುತ್ತದೆ. ಆ ಸುಳಿಯನ್ನೇ ಮೆಷಿನ್ ಕೇಳಿಸಿಕೊಳ್ಳುವುದು. ಓಲೆಯಂಥ ಸಣ್ಣ ವಸ್ತುವಿನಲ್ಲಿ ಸುಳಿಯೂ ಸಣ್ಣದು. ಅದಕ್ಕೆ ಹೆಚ್ಚು ಕಿಲೋಹರ್ಟ್ಸ್ (ಆ ಕ್ಷೇತ್ರ ಸೆಕೆಂಡಿಗೆ ಎಷ್ಟು ಸಾವಿರ ಸಲ ಬದಲಾಗುತ್ತದೆ ಅನ್ನುವ ಲೆಕ್ಕ), ಚಿಕ್ಕ ಕಾಯಿಲ್ ಬೇಕು. ಗ್ಯಾರೆಟ್ ಏಸ್ 200 ಓಡುವುದು 6.5 ಕಿಲೋಹರ್ಟ್ಸ್‌ನಲ್ಲಿ. ದಪ್ಪ ನಾಣ್ಯಕ್ಕೆ ಸಾಕು, ಓಲೆಗೆ ಕಷ್ಟ. ಅದೇ ಕಂಪನಿಯ ಎಟಿ ಪ್ರೊ ಓಡುವುದು 15ರಲ್ಲಿ, ಎಟಿ ಗೋಲ್ಡ್ 18ರಲ್ಲಿ. ನೋಕ್ತಾ ಸಿಂಪ್ಲೆಕ್ಸ್ ಪ್ಲಸ್ 12ರಲ್ಲಿ. ಮೈನ್‌ಲ್ಯಾಬ್ ಈಕ್ವಿನಾಕ್ಸ್ ಒಟ್ಟಿಗೇ ಹಲವು ಫ್ರೀಕ್ವೆನ್ಸಿಯಲ್ಲಿ ಓಡುತ್ತದೆ. ನಾಣ್ಯ, ಓಲೆ ಎರಡಕ್ಕೂ ಒಂದೇ ಬೇಕಾದರೆ ನನ್ನ ಮಟ್ಟಿಗೆ ಈಕ್ವಿನಾಕ್ಸ್ ಥರದ್ದೇ ಸರಿ, ಆದರೆ ನಿಮ್ಮ ಬಜೆಟ್ ದಾಟುತ್ತದೆ. 45 ಕಿಲೋಹರ್ಟ್ಸ್‌ನ ಗೋಲ್ಡ್ ಮಾನ್ಸ್ಟರ್ ಕಾಳಿನಷ್ಟು ಚಿನ್ನಕ್ಕೂ ಕೂಗುತ್ತದೆ, ಆದರೆ ಅದು ನೆಲದಲ್ಲಿ ತಾನಾಗಿ ಸಿಗುವ ಚಿನ್ನದ ತುಣುಕು ಹುಡುಕುವವರಿಗೆ ಮಾಡಿದ್ದು. ಯಾವುದೇ ತಗೊಂಡರೂ ಐದಾರು ಇಂಚಿನ ಕಾಯಿಲ್ ಸಿಗುತ್ತಾ ಕೇಳಿ. ಸಾಲಿನ ನಡುವೆ, ಕಡ್ಡಿ ಬುಡದಲ್ಲಿ 11 ಇಂಚಿನದು ನುಗ್ಗುವುದೇ ಇಲ್ಲ.

ನಮ್ಮ ಕೆಂಪು ಮಣ್ಣಿನಲ್ಲಿ ಕಬ್ಬಿಣದ ಅಂಶ ಜಾಸ್ತಿ. ಸುಮ್ನೆ ನೆಲಕ್ಕೇ ಮೆಷಿನ್ ಗುಂಯ್ ಅನ್ನುತ್ತದೆ. ಹಾಗಾಗಿ ಗ್ರೌಂಡ್ ಬ್ಯಾಲೆನ್ಸ್, ಅಂದರೆ ನೆಲದ ಸದ್ದು ಕಳೆಯುವ ಸೆಟ್ಟಿಂಗ್, ನಾವೇ ಹೊಂದಿಸುವಂತಿರಬೇಕು. ಬರೀ ನೆಲದ ಮೇಲೆ ಕಾಯಿಲ್ ಅನ್ನು ಮೇಲೆ ಕೆಳಗೆ ಆಡಿಸಿ, ಸದ್ದು ನಿಲ್ಲುವವರೆಗೆ ಹೊಂದಿಸಿ. ಪಲ್ಸ್ ಇಂಡಕ್ಷನ್ ಅನ್ನುವ ಇನ್ನೊಂದು ಬಗೆಯ ಮೆಷಿನ್ ಇಂಥ ಮಣ್ಣನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ, ನಿಜ. ಆದರೆ ಕಬ್ಬಿಣವನ್ನು ಬೇರೆ ಮಾಡಿ ತೋರಿಸುವುದು ಅದಕ್ಕೆ ಅಷ್ಟು ಬರುವುದಿಲ್ಲ. ಟೊಮೆಟೊ ತೋಟದಲ್ಲಿ ಹೆಜ್ಜೆಗೊಂದು ಬೈಂಡಿಂಗ್ ವೈರ್ ಚೂರು ಇರುತ್ತದೆ ಅಲ್ವಾ? ಅದಕ್ಕೇ ಮೊದಲು ಹಳೇ ಸ್ಪೀಕರಿನ ಮ್ಯಾಗ್ನೆಟ್ಟಿಗೆ ದಾರ ಕಟ್ಟಿ ಸಾಲುದ್ದಕ್ಕೂ ಎಳೆಯಿರಿ. ತಂತಿ ಅಂಟಿಕೊಂಡು ಬರುತ್ತದೆ, ಚಿನ್ನ ಅಂಟುವುದಿಲ್ಲ. ಮಲ್ಚಿಂಗ್ ಶೀಟ್ ಬೆಳ್ಳಿ ಬಣ್ಣ ಇದ್ದರೂ ಪ್ಲಾಸ್ಟಿಕ್ಕೇ, ತೊಂದರೆ ಇಲ್ಲ. ತಮ್ಮನ ಆ್ಯಪ್ ಬಿಟ್ಟುಬಿಡಿ. ಮೊಬೈಲಿನಲ್ಲಿರುವುದು ದಿಕ್ಸೂಚಿಯ ಸೆನ್ಸರ್, ಅದಕ್ಕೆ ಚಿನ್ನ ತಿಳಿಯುವುದೇ ಇಲ್ಲ.

ತೊಂದರೆ ಕೊಡುವುದು ಔಷಧಿ ಬಾಟಲಿಯ ಮುಚ್ಚಳದ ಕೆಳಗಿನ ಬೆಳ್ಳಿ ಸೀಲ್. ಕಿತ್ತು ಅಲ್ಲೇ ಬಿಸಾಡಿರುತ್ತೇವೆ. ಅಲ್ಯೂಮಿನಿಯಂ ಫಾಯಿಲ್, ಸಣ್ಣ ಚಿನ್ನ ಎರಡೂ ಮೆಷಿನ್ನಿನಲ್ಲಿ ಒಂದೇ ಕಡೆ ತೋರಿಸುತ್ತವೆ. ಕಸ ಬೇಡ ಅಂತ ಡಿಸ್ಕ್ರಿಮಿನೇಷನ್ ಏರಿಸಿದಿರೋ, ಓಲೆಯೂ ಕಸದ ಜೊತೆ ಹೋಯಿತು. ಕಬ್ಬಿಣ ಒಂದು ಬಿಟ್ಟು ಸಣ್ಣ ಸದ್ದನ್ನೆಲ್ಲ ಅಗೆಯಲೇಬೇಕು.

ನಿಮ್ಮ ಹತ್ತಿರ ಇನ್ನೊಂದು ಓಲೆ ಇದೆಯಲ್ಲ, ನಿಮ್ಮ ಪುಣ್ಯ! ಅದಕ್ಕೆ ಒಂದು ಮಾರು ಕೆಂಪು ದಾರ ಕಟ್ಟಿ, ಚಿಕ್ಕ ಕವರಿನಲ್ಲಿ ಹಾಕಿ, ಅದೇ ಮಣ್ಣಿನಲ್ಲಿ ಮೂರು ಇಂಚು ಹೂಳಿ. ದಾರದ ತುದಿ ಮೇಲಿರಲಿ. ಅದರ ಮೇಲೆ ಕಾಯಿಲ್ ಆಡಿಸಿ, ಮೆಷಿನ್ ಪರದೆಯಲ್ಲಿ ಬರುವ ನಂಬರ್ ಬರೆದಿಟ್ಟುಕೊಳ್ಳಿ, ಸದ್ದು ಕಿವಿಗೆ ಕೂರುವವರೆಗೆ ಕೇಳಿ. ಕಳೆದದ್ದೂ ಹೆಚ್ಚುಕಡಿಮೆ ಅದನ್ನೇ ಹೇಳುತ್ತದೆ. ಮೆಷಿನ್ ಕೊಳ್ಳುವಾಗಲೂ ಓಲೆ ತಗೊಂಡು ಹೋಗಿ. ಅದರ ಮೇಲೆ ಕೂಗದ ಮೆಷಿನ್ ಎಷ್ಟು ಅಡಿ ಹೇಳಿದರೂ ಬೇಡ. ಆಂಟೆನಾದ್ದು ಪೂರ್ತಿ ಮೋಸ, ಹತ್ತಿರ ಹೋಗಬೇಡಿ.

ಒಂದು ಓಲೆಗೋಸ್ಕರ ಯಾಕೆ ಕೊಳ್ಳುತ್ತೀರಿ? ನನ್ನ ಹತ್ತಿರ 15 ಕಿಲೋಹರ್ಟ್ಸ್‌ನದು, ಚಿಕ್ಕ ಕಾಯಿಲ್, ಮಣ್ಣಿನಲ್ಲಿ ನಿಖರ ಜಾಗ ತೋರಿಸುವ ಕೈಹಿಡಿಯ ಪಿನ್‌ಪಾಯಿಂಟರ್ ಎಲ್ಲ ಇದೆ. ಭಾನುವಾರ ಬರುತ್ತೇನೆ. ದುಡ್ಡುಗಿಡ್ಡು ಬೇಡ.

ಕೆಜಿಎಫ್ ರಾಬರ್ಟ್‌ಸನ್‌ಪೇಟೆ

ತಮ್ಮನಿಗೆ ಒಂದು ಮಾತು. ನಾಣ್ಯದ ಆಸೆಗೆ ಕೋಲಾರಮ್ಮ, ಸೋಮೇಶ್ವರ ದೇವಸ್ಥಾನದ ಸುತ್ತ ಮೆಷಿನ್ ಹಿಡಿಯಬೇಡಿ, ಎರಡೂ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. ನೆಲದಲ್ಲಿ ಹಳೇ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು, ಕಾನೂನೇ ಇದೆ. ನಮ್ಮ ಊರಿನ ಸೈನೈಡ್ ದಿಬ್ಬಕ್ಕೂ ಎಷ್ಟೋ ಜನ ಇದೇ ಆಸೆಯಲ್ಲಿ ಬರುತ್ತಾರೆ. ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ದಿಬ್ಬದಲ್ಲಿರುವುದು ಅರೆದ ಕಲ್ಲಿನ ಹುಡಿ. ಅದರಲ್ಲಿ ಉಳಿದ ಚಿನ್ನ ಧೂಳಿಗಿಂತ ಸಣ್ಣದು, ಡಿಟೆಕ್ಟರ್ ಹಿಡಿಯಲ್ಲ. ನಮ್ಮಪ್ಪ ಆ ಗಣಿಯಲ್ಲಿ ದುಡಿದವರು, ಅದಕ್ಕೇ ಹೇಳುತ್ತಿದ್ದೇನೆ.

ಬಂಗಾರಪೇಟೆ ಮೇಷ್ಟ್ರು

ಸರಿಯಾಗಿ ಹೇಳಿದಿರಿ. ನಾಣ್ಯದ್ದು ಇನ್ನೊಂದು: ಈಗಿನ ಒಂದು, ಎರಡು ರೂಪಾಯಿ ಸ್ಟೀಲಿನವು ಮ್ಯಾಗ್ನೆಟ್ಟಿಗೆ ಅಂಟುತ್ತವೆ. ನಂಬರ್ ನಿಲ್ಲದೆ ಕುಣಿಯುತ್ತದೆ. ಹಳೇ ತಾಮ್ರ, ಬೆಳ್ಳಿಯದು ಗಟ್ಟಿಯಾಗಿ ಮೇಲಿನ ನಂಬರ್ ಕೊಡುತ್ತದೆ.

ವೇಮಗಲ್ ಹುಡುಗಿ

ಮೇಷ್ಟ್ರು ಭಾನುವಾರ ಬೆಳಿಗ್ಗೆ ಏಳಕ್ಕೇ ಬಂದರು. ಮ್ಯಾಗ್ನೆಟ್ ಎಳೆದದ್ದಕ್ಕೆ ಒಂದು ಮಗ್ ತುಂಬ ತಂತಿ ಬಂತು. ಅಮ್ಮನ ಓಲೆ ಹೂತು ಸದ್ದು ಕೇಳಿಸಿದರು, ಆಮೇಲೆ ಒಂದೊಂದೇ ಸಾಲು, ಅಂಗೈ ಅಗಲ ಕೂಡ ಬಿಡದ ಹಾಗೆ. ಬೆಳ್ಳಿ ಸೀಲ್ ಹದಿನೇಳು ಸಿಕ್ಕವು. ಪ್ರತಿ ಸಲ ಅಮ್ಮ ಓಡಿಬಂದು ನೋಡುವುದು, ಮತ್ತೆ ಹೋಗಿ ಬದುವಿನ ಮೇಲೆ ಕೂರುವುದು.

ಐದನೇ ಸಾಲು, ಮಲ್ಚಿಂಗ್ ಶೀಟಿನ ತೂತಿನ ಅಂಚು. ಅದೇ ನಂಬರ್, ಅದೇ ಸದ್ದು. ಒಂದು ಬೆರಳಿನಷ್ಟು ಮಣ್ಣು ಸರಿಸಿದರೆ ಕೆಂಪು ಉಂಡೆ. ಮೇಷ್ಟ್ರು ಅದನ್ನು ಒಡೆಯದೆ ಅಮ್ಮನ ಕೈಗೇ ಇಟ್ಟರು. ಅಮ್ಮ ಡ್ರಿಪ್ ನೀರಿನಲ್ಲಿ ತೊಳೆದರು, ಓಲೆ!

ತಿರುಪು ಮಾತ್ರ ಸಿಗಲಿಲ್ಲ. ಮಧ್ಯಾಹ್ನದ ತನಕ ಹುಡುಕಿ ನಾವೇ ಸಾಕು ಅಂದೆವು. ಹೊಸದು ಮಾಡಿಸೋಕೆ ಅಮ್ಮ ಇವತ್ತು ಕೋಲಾರಕ್ಕೆ ಹೋಗಿದ್ದಾರೆ. ಎರಡು ಕಿವಿಗೂ ಗಟ್ಟಿ ತಿರುಪು ಹಾಕಿಸಿ ಅಂತ ತಂಗಿ ಜೊತೆಗೇ ಹೋಗಿದ್ದಾಳೆ. ಮೇಷ್ಟ್ರೇ, ದುಡ್ಡು ಬೇಡ ಅಂದಿರಿ, ಹಾಗಾಗಿ ನಿಮ್ಮ ಗಾಡಿಯಲ್ಲಿ ಒಂದು ಬಾಕ್ಸ್ ಟೊಮೆಟೊ ಇಟ್ಟಿದ್ದೇವೆ, ಅಮ್ಮನೇ ಆರಿಸಿ ತುಂಬಿದ್ದು.