ಸಂಗೀತ ಸಂಸ್ಥೆಯಲ್ಲಿ ಜನಾಂಗೀಯ ಸಮಾನತೆಯ ಕೆಲಸವನ್ನು ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ

ನಾನು ಲಂಡನ್ನಿನ ಒಂದು ಸಣ್ಣ ಸ್ವತಂತ್ರ ಧ್ವನಿಮುದ್ರಣ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದೇನೆ. ಹಾಡುಗಳನ್ನು ಬಿಡುಗಡೆ ಮಾಡುವುದರ ಜೊತೆಗೆ ನಾವು ಆಗಾಗ ವೇದಿಕೆ ಕಾರ್ಯಕ್ರಮಗಳನ್ನೂ ನಡೆಸುತ್ತೇವೆ. ನಮ್ಮ ಕಲಾವಿದರಲ್ಲಿ ಸುಮಾರು ಅರ್ಧದಷ್ಟು ಮಂದಿ ಕಪ್ಪು ವರ್ಣೀಯರು. ಆದರೆ ಯಾರೊಂದಿಗೆ ಕರಾರು ಮಾಡಿಕೊಳ್ಳಬೇಕು, ಯಾರ ಮೇಲೆ ಎಷ್ಟು ಹಣ ಹೂಡಬೇಕು ಎಂದು ತೀರ್ಮಾನಿಸುವವರಲ್ಲಿ ಅಂಥವರು ಒಬ್ಬರೂ ಇಲ್ಲ. ಜನಾಂಗೀಯ ಸಮಾನತೆಗಾಗಿ ಒಂದು ವರ್ಷದ ಯೋಜನೆಯನ್ನು ಬರೆದುಕೊಡುವಂತೆ ಆಡಳಿತದವರು ನನಗೆ ಹೇಳಿದ್ದಾರೆ. ಸದ್ಯದ ಕರಡಿನಲ್ಲಿ ಇರುವುದು ಸಿಬ್ಬಂದಿಗೊಂದು ತರಬೇತಿ ಶಿಬಿರ, ಅಕ್ಟೋಬರಿನ ಕಪ್ಪು ಇತಿಹಾಸ ಮಾಸಕ್ಕೊಂದು ವಿಶೇಷ ಕಾರ್ಯಕ್ರಮ ಮತ್ತು ಒಂದು ಸಾರ್ವಜನಿಕ ಹೇಳಿಕೆ, ಇಷ್ಟೇ. ಇಷ್ಟು ಸಾಲದು ಎಂದು ನನಗೆ ಅನ್ನಿಸುತ್ತಿದೆ. ಬೇರೇನು ಬರೆಯಬೇಕೆಂಬುದು ಹೊಳೆಯುತ್ತಿಲ್ಲ. ಈ ಕ್ಷೇತ್ರದಲ್ಲಿ ದುಡಿದವರು ತಮ್ಮ ಅನುಭವವನ್ನು ಹಂಚಿಕೊಂಡರೆ ಉಪಕಾರವಾಗುತ್ತದೆ.

ರಾಯಲ್ಟಿ ಲೆಕ್ಕ ನೋಡಿಕೊಳ್ಳುತ್ತಿದ್ದವರ ಉತ್ತರ

ಕರಡಿನಲ್ಲಿರುವ ಮೂರೂ ಅಂಶಗಳನ್ನು ಕೊನೆಗೆ ಇಟ್ಟುಕೊಳ್ಳಿ. ಮೊದಲು ಸಂಸ್ಥೆಯ ಕರಾರು ಪತ್ರಗಳನ್ನೆಲ್ಲ ತೆಗೆದು ಮೇಜಿನ ಮೇಲೆ ಹರಡಿ. ನಾನು ಹಲವು ವರ್ಷ ಧ್ವನಿಮುದ್ರಣ ಸಂಸ್ಥೆಗಳ ರಾಯಲ್ಟಿ ಲೆಕ್ಕ, ಅಂದರೆ ಹಾಡಿನ ಗಳಿಕೆಯಲ್ಲಿ ಕಲಾವಿದರಿಗೆ ಸಲ್ಲುವ ಪಾಲಿನ ಲೆಕ್ಕ ಬರೆದವನು. ಅಲ್ಲಿ ಯಾರ ಬಾಯಿಂದಲೂ ಕೆಟ್ಟ ಮಾತು ಕೇಳದೆಯೇ ತಾರತಮ್ಯವನ್ನು ಶೇಕಡಾವಾರಿನಲ್ಲಿ ಓದಬಹುದಾಗಿತ್ತು.

ಇದಕ್ಕೆ ನೂರು ವರ್ಷಗಳ ಹಿನ್ನೆಲೆಯಿದೆ. 1920ರ ದಶಕದಿಂದ ಅಮೆರಿಕದ ಕಂಪನಿಗಳು ಕಪ್ಪು ವರ್ಣೀಯರ ಧ್ವನಿಮುದ್ರಿಕೆಗಳನ್ನು ‘ರೇಸ್ ರೆಕಾರ್ಡ್ಸ್’ ಎಂಬ ಪ್ರತ್ಯೇಕ ಹಣೆಪಟ್ಟಿಯಡಿ ಮಾರುತ್ತಿದ್ದವು. ಬಿಲ್‌ಬೋರ್ಡ್ ಪತ್ರಿಕೆ 1949ರಲ್ಲಿ ತನ್ನ ಪಟ್ಟಿಯ ಆ ಹೆಸರನ್ನು ಬಿಟ್ಟು ‘ರಿದಮ್ ಅಂಡ್ ಬ್ಲೂಸ್’ ಎಂದು ಕರೆಯತೊಡಗಿತು. ಕರಾರುಗಳು ಮಾತ್ರ ಹಾಗೆಯೇ ಉಳಿದವು. 1950ರ ದಶಕದಲ್ಲಿ ಅಟ್ಲಾಂಟಿಕ್ ರೆಕಾರ್ಡ್ಸ್ ಸಂಸ್ಥೆಗೆ ಸಾಲುಸಾಲಾಗಿ ಜನಪ್ರಿಯ ಹಾಡುಗಳನ್ನು ಕೊಟ್ಟ ರೂತ್ ಬ್ರೌನ್ ಅವರು ಮುಂದೆ ಮನೆಗೆಲಸ ಮಾಡಿ, ಶಾಲೆಯ ಬಸ್ಸು ಓಡಿಸಿ ಜೀವನ ಸಾಗಿಸಬೇಕಾಯಿತು. ಕಂಪನಿಯ ಪುಸ್ತಕದಲ್ಲಿ ಅವರ ಖಾತೆ ಸಾಲದಲ್ಲಿಯೇ ಇತ್ತು. ಹಾವೆಲ್ ಬೆಗಲ್ ಎಂಬ ವಕೀಲರ ನೆರವಿನಿಂದ ವರ್ಷಗಟ್ಟಲೆ ಹೋರಾಡಿದ ಬಳಿಕ, 1988ರಲ್ಲಿ ಕಂಪನಿಯು ಅವರ ಹಾಗೂ ಅವರಂಥ ಹಲವು ಕಲಾವಿದರ ಹಳೆಯ ಬಾಕಿಯನ್ನು ಮನ್ನಾ ಮಾಡಿ, ಹಿಂದಿನ 20 ವರ್ಷಗಳ ರಾಯಲ್ಟಿಯನ್ನು ಕೊಡಲು ಒಪ್ಪಿತು.

ಹಾಡು ಚೆನ್ನಾಗಿ ಮಾರಾಟವಾದರೂ ಹಾಡಿದವರು ಸಾಲಗಾರರಾಗುವುದು ಹೇಗೆ ಎಂಬುದು ತಿಳಿಯದಿದ್ದರೆ ಕರಾರು ಪತ್ರವನ್ನು ಓದಿ ಪ್ರಯೋಜನವಿಲ್ಲ. ಕಲಾವಿದರಿಗೆ ಕೊಟ್ಟ ಮುಂಗಡ, ಸ್ಟುಡಿಯೊ ಬಾಡಿಗೆ, ವಿಡಿಯೊ ಚಿತ್ರೀಕರಣದ ಖರ್ಚು ಇವೆಲ್ಲ ಅವರ ಖಾತೆಗೆ ಬಾಕಿಯಾಗಿ ಬೀಳುತ್ತವೆ. ಆ ಬಾಕಿ ತೀರುವುದು ಹಾಡಿನಿಂದ ಬಂದ ಒಟ್ಟು ಹಣದಿಂದಲ್ಲ, ಅದರಲ್ಲಿ ಕಲಾವಿದರ ಪಾಲಿಗೆ ಬರುವ ಸಣ್ಣ ಭಾಗದಿಂದ ಮಾತ್ರ. 20,000 ಪೌಂಡ್ ಬಾಕಿಯಿದ್ದು ಕಲಾವಿದರ ಪಾಲು ಶೇ. 20 ಆಗಿದ್ದರೆ, ಹಾಡು ಒಂದು ಲಕ್ಷ ಪೌಂಡ್ ಗಳಿಸುವವರೆಗೆ ಅವರ ಕೈಗೆ ಒಂದು ಪೆನ್ನಿಯೂ ಬರುವುದಿಲ್ಲ. ಪಾಲು ಶೇ. 15 ಆಗಿದ್ದರೆ ಒಂದು ಲಕ್ಷದ ಮೂವತ್ಮೂರು ಸಾವಿರ ದಾಟಬೇಕು. ಹೀಗಾಗಿ ದರದಲ್ಲಿರುವ ಐದು ಅಂಕಗಳ ಅಂತರವು ಕಲಾವಿದರ ಮನೆಯಲ್ಲಿ ಎಷ್ಟೋ ವರ್ಷಗಳ ಅಂತರವಾಗುತ್ತದೆ.

ನಾನು ಕಣ್ಣಾರೆ ಕಂಡ ಎರಡು ಕಡತಗಳ ವಿಷಯ ಹೇಳುತ್ತೇನೆ. ಎರಡೂ ಒಂದೇ ಸಂಸ್ಥೆಯಲ್ಲಿ, ಒಂದೇ ವರ್ಷ ಸಹಿಯಾದ ಕರಾರುಗಳು; ಇಬ್ಬರ ಮಾರಾಟವೂ ಹೆಚ್ಚುಕಡಿಮೆ ಒಂದೇ. ಬಿಳಿಯ ಗಾಯಕನ ಖಾತೆಗೆ ವಿಡಿಯೊ ಖರ್ಚಿನ ಅರ್ಧ ಮಾತ್ರ ಬಿದ್ದಿತ್ತು, ಕಪ್ಪು ವರ್ಣದ ಗಾಯಕಿಯ ಖಾತೆಗೆ ಪೂರ್ತಿ ಬಿದ್ದಿತ್ತು. ಗಾಯಕಿಯ ಕರಾರಿನಲ್ಲಿ ಇನ್ನೂ ಒಂದು ವಿಚಿತ್ರವಿತ್ತು: ಡಿಜಿಟಲ್ ಮಾರಾಟದಿಂದಲೂ ‘ಪ್ಯಾಕಿಂಗ್’ ಹೆಸರಿನಲ್ಲಿ ಒಂದಿಷ್ಟು ಮುರಿದುಕೊಳ್ಳಲಾಗುತ್ತಿತ್ತು. ಪೆಟ್ಟಿಗೆಯೇ ಇಲ್ಲದ ಸರಕಿಗೆ ಪೆಟ್ಟಿಗೆಯ ಬೆಲೆ! ವಿಚಾರಿಸಿದಾಗ ತಿಳಿದ ಕಾರಣ ತೀರ ಸಾಮಾನ್ಯವಾದದ್ದು. ಅವನಿಗೆ ಸಂಗೀತ ಕರಾರುಗಳಲ್ಲಿ ಪಳಗಿದ ವಕೀಲರು ಪರಿಚಯದ ಮೂಲಕ ಸಿಕ್ಕಿದ್ದರು. ಅವಳು ಸಂಸ್ಥೆ ಕೊಟ್ಟ ಮೊದಲ ಕರಡಿಗೇ ಸಹಿ ಹಾಕಿದ್ದಳು. ಅವಳಿಗೆ ಕೇಡು ಬಗೆಯಬೇಕೆಂದು ಅಲ್ಲಿ ಯಾರೂ ಕುಳಿತಿರಲಿಲ್ಲ, ಆದರೂ ಕೇಡಾಗಿತ್ತು.

ದೊಡ್ಡ ಸಂಸ್ಥೆಗಳು ಇದನ್ನು ಪರಿಶೀಲಿಸಿದ ಉದಾಹರಣೆಗಳಿವೆ. 2020ರ ಮೇ 25ರಂದು ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ವರ್ಣೀಯರು ಪೊಲೀಸ್ ಅಧಿಕಾರಿಯ ಕೈಯಲ್ಲಿ ಹತರಾದಾಗ, ಉದ್ಯಮದಲ್ಲೇ ಕೆಲಸ ಮಾಡುತ್ತಿದ್ದ ಜಮೀಲಾ ಥಾಮಸ್ ಮತ್ತು ಬ್ರಿಯಾನ ಅಗ್ಯೆಮಾಂಗ್ ಎಂಬ ಇಬ್ಬರು ಮಹಿಳೆಯರು ಕೊಟ್ಟ ಕರೆಗೆ ಓಗೊಟ್ಟು ಜೂನ್ 2ರಂದು ಸಂಗೀತೋದ್ಯಮ ತನ್ನ ಎಂದಿನ ಕೆಲಸವನ್ನು ನಿಲ್ಲಿಸಿತು. ಆ ದಿನ ಹೇಳಿಕೆ ಕೊಟ್ಟವರಿಗೆ ಲೆಕ್ಕವಿಲ್ಲ. ತಮ್ಮ ಕರಾರುಗಳನ್ನೇ ತಿರುಗಿ ನೋಡಿದವರು ಬೆರಳೆಣಿಕೆಯಷ್ಟು. ಬಿಎಂಜಿ ಎಂಬ ದೊಡ್ಡ ಸಂಗೀತ ಕಂಪನಿಯು ತಾನು ಕೊಂಡುಕೊಂಡಿದ್ದ ಹಳೆಯ ಲೇಬಲ್‌ಗಳ (ಧ್ವನಿಮುದ್ರಣ ಸಂಸ್ಥೆಗಳ) ಕರಾರುಗಳನ್ನು ತಪಾಸಣೆ ಮಾಡಿಸಿ, ಕಪ್ಪು ಮತ್ತು ಇತರ ಕಲಾವಿದರು ಇಬ್ಬರೂ ಇದ್ದ 15 ಸಂಗ್ರಹಗಳ ಪೈಕಿ 4ರಲ್ಲಿ ಕಪ್ಪು ಕಲಾವಿದರ ರಾಯಲ್ಟಿ ದರ ಗಮನಾರ್ಹವಾಗಿ ಕಡಿಮೆಯಿತ್ತೆಂದು ಅದೇ ವರ್ಷದ ಕೊನೆಯಲ್ಲಿ ಬಹಿರಂಗಪಡಿಸಿತು. ಸಣ್ಣ ಸಂಸ್ಥೆಗೆ ಈ ಕೆಲಸ ಇನ್ನೂ ಸುಲಭ. ಒಂದು ಎಕ್ಸೆಲ್ ಹಾಳೆ ಸಾಕು: ಸಹಿಯಾದ ವರ್ಷ, ಮುಂಗಡ, ದರ, ಯಾವ ಖರ್ಚು ಎಷ್ಟು ಪಾಲು ವಸೂಲಾಗುತ್ತದೆ, ಮುದ್ರಿಕೆಯ ಹಕ್ಕು ಎಷ್ಟು ವರ್ಷ ಸಂಸ್ಥೆಯಲ್ಲಿರುತ್ತದೆ, ಪ್ರಚಾರಕ್ಕೆ ಎಷ್ಟು ಖರ್ಚಾಯಿತು ಮತ್ತು ಕಲಾವಿದರ ಪರ ಸ್ವತಂತ್ರ ವಕೀಲರು ಇದ್ದರೇ ಎಂಬುದು. ಈ ಕೊನೆಯ ಕಾಲಮನ್ನು ಮರೆಯಬೇಡಿ. ಮುಂದಿನ ಕರಾರುಗಳಲ್ಲಿ ಕಲಾವಿದರೇ ಆರಿಸಿಕೊಂಡ ವಕೀಲರ ಶುಲ್ಕಕ್ಕೆ ಸಂಸ್ಥೆಯೇ ಒಂದು ಮೊತ್ತ ಕೊಡಲಿ, ಅದನ್ನು ಬಾಕಿಗೆ ಸೇರಿಸದಿರಲಿ.

ನೇಮಕಾತಿ ವಿಭಾಗದವರ ಉತ್ತರ

ಮೇಲಿನ ಉತ್ತರ ಬರೆದ ಹಿರಿಯರ ಮಾತನ್ನು ನಾನು ಒಪ್ಪುತ್ತೇನೆ. ಆದರೆ ಕರಾರಿನ ಕರಡನ್ನು ಬರೆಯುವವರು ಯಾರು ಎಂಬ ಪ್ರಶ್ನೆ ಅದಕ್ಕಿಂತ ಹಿಂದಿನದು. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆನೆನ್‌ಬರ್ಗ್ ತಂಡವು 2021ರಲ್ಲಿ 70 ಸಂಗೀತ ಕಂಪನಿಗಳ ಉನ್ನತ ಅಧಿಕಾರಿಗಳನ್ನು ಎಣಿಸಿದಾಗ ಅವರಲ್ಲಿ ಕಪ್ಪು ವರ್ಣೀಯರು ಶೇ. 4.2 ಮಾತ್ರ ಇದ್ದರು. ಬ್ರಿಟನ್ನಿನಲ್ಲಿ ಸಂಗೀತೋದ್ಯಮದ ಒಕ್ಕೂಟವಾದ ಯುಕೆ ಮ್ಯೂಸಿಕ್ ಸಂಸ್ಥೆಯ 2020ರ ಸಮೀಕ್ಷೆಯ ಪ್ರಕಾರ ಕಪ್ಪು, ಏಷ್ಯನ್ ಮತ್ತಿತರ ಅಲ್ಪಸಂಖ್ಯಾತ ಜನಾಂಗದವರು ಆರಂಭದ ಹಂತದ ಹುದ್ದೆಗಳಲ್ಲಿ ಶೇ. 34.6 ಇದ್ದರೆ ಹಿರಿಯ ಹುದ್ದೆಗಳಲ್ಲಿ ಶೇ. 19.9 ಇದ್ದರು. ಒಳಗೆ ಬರುವವರಿದ್ದಾರೆ, ಮೇಲೇರುವವರು ಕಡಿಮೆ. ಆದ್ದರಿಂದ ನಿಮ್ಮ ಯೋಜನೆಯಲ್ಲಿ ಹೊಸ ನೇಮಕಾತಿಗಿಂತ ಬಡ್ತಿಗೆ ಹೆಚ್ಚು ಜಾಗ ಕೊಡಿ.

ನಾನು ಕೆಲಸ ಮಾಡಿದ ಕಡೆ ಹೊಸ ಕಲಾವಿದರನ್ನು ಆರಿಸುವ ವಿಭಾಗದ ಹುದ್ದೆಗಳಿಗೆ ಜಾಹೀರಾತೇ ಇರುತ್ತಿರಲಿಲ್ಲ. ಸಂಗೀತ ಕಾರ್ಯಕ್ರಮ ಮುಗಿದ ಮೇಲೆ ಪಬ್ಬಿನಲ್ಲಿ ಪರಿಚಯವಾದವರು, ಸಂಬಳವಿಲ್ಲದೆ ಆರು ತಿಂಗಳು ದುಡಿಯಬಲ್ಲವರು ಆ ಕುರ್ಚಿಗಳಲ್ಲಿ ಬಂದು ಕೂರುತ್ತಿದ್ದರು. ಎಲ್ಲ ಹುದ್ದೆಗಳನ್ನೂ ಸಂಬಳದ ಮೊತ್ತದೊಂದಿಗೆ ಬಹಿರಂಗವಾಗಿ ಪ್ರಕಟಿಸುವುದು ಮತ್ತು ಸಂಬಳವಿಲ್ಲದ ಇಂಟರ್ನ್‌ಶಿಪ್ಪನ್ನು ನಿಲ್ಲಿಸುವುದು, ಈ ಎರಡರಿಂದಲೇ ಅರ್ಜಿದಾರರ ಪಟ್ಟಿ ಬೇರೆಯಾಗುತ್ತದೆ. ಕಾನೂನಿನ ಮಿತಿಯನ್ನೂ ತಿಳಿದಿರಿ. 2010ರ ಸಮಾನತಾ ಕಾಯಿದೆಯು ಜನಾಂಗದ ಆಧಾರದ ಮೇಲೆ ಹುದ್ದೆಗಳನ್ನು ಮೀಸಲಿಡಲು ಅವಕಾಶ ಕೊಡುವುದಿಲ್ಲ. ಆದರೆ ಕಡಿಮೆ ಪ್ರಾತಿನಿಧ್ಯವಿರುವವರಿಗೆ ವಿಶೇಷ ತರಬೇತಿ, ಮಾರ್ಗದರ್ಶನ ಕೊಡಬಹುದು, ಮತ್ತು ಇಬ್ಬರು ಅಭ್ಯರ್ಥಿಗಳು ಸಮಾನ ಅರ್ಹರಾಗಿದ್ದರೆ ಅಂಥವರನ್ನು ಆರಿಸಿಕೊಳ್ಳಬಹುದು. ಈ ವ್ಯತ್ಯಾಸವನ್ನು ಯೋಜನೆಯಲ್ಲೇ ಬರೆದಿಟ್ಟರೆ ಆಡಳಿತದವರ ಅರ್ಧ ಹೆದರಿಕೆ ಹೋಗುತ್ತದೆ.

ಕಪ್ಪು ವರ್ಣೀಯರ ಸಂಗೀತವನ್ನೆಲ್ಲ ಒಟ್ಟಾಗಿ ಕರೆಯಲು ಉದ್ಯಮ ಬಳಸುತ್ತಿದ್ದ ‘ಅರ್ಬನ್’ (ನಗರದ) ಎಂಬ ಪದದ ಬಗ್ಗೆ ಒಂದು ಮಾತು. 2020ರ ಜೂನ್ ತಿಂಗಳಲ್ಲಿ ರಿಪಬ್ಲಿಕ್ ರೆಕಾರ್ಡ್ಸ್ ಆ ಪದವನ್ನು ಕೈಬಿಟ್ಟಿತು, ಗ್ರ್ಯಾಮಿ ಪ್ರಶಸ್ತಿಯವರೂ ಒಂದು ವಿಭಾಗದ ಹೆಸರಿನಿಂದ ಅದನ್ನು ತೆಗೆದರು. ಒಳ್ಳೆಯದೇ. ಆದರೆ ಆ ಹೆಸರಿನ ವಿಭಾಗಗಳಲ್ಲೇ ಎಷ್ಟೋ ಕಪ್ಪು ವರ್ಣೀಯ ನೌಕರರು ಇದ್ದಾರೆ. ಫಲಕವನ್ನು ಇಳಿಸುವ ಮುನ್ನ ಅವರಿಗೆ ಮುಖ್ಯ ವಿಭಾಗದಲ್ಲಿ ಅದೇ ದರ್ಜೆಯ ಹುದ್ದೆ ಸಿಗುತ್ತದೆಯೇ ಎಂದು ಖಚಿತಪಡಿಸಿಕೊಳ್ಳಿ.

ಆರ್ಕೆಸ್ಟ್ರಾ ವಾದಕಿಯೊಬ್ಬರ ಉತ್ತರ

ನಾನು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ವಯೋಲಾ ವಾದಕಿ. ನಿಮ್ಮ ಕ್ಷೇತ್ರ ಬೇರೆಯಾದರೂ ನಮ್ಮಲ್ಲಿ ನಡೆದ ಒಂದು ಪ್ರಯೋಗ ನಿಮಗೆ ಉಪಯೋಗಕ್ಕೆ ಬರಬಹುದು. 1969ರಲ್ಲಿ ಆರ್ಥರ್ ಡೇವಿಸ್ ಮತ್ತು ಅರ್ಲ್ ಮ್ಯಾಡಿಸನ್ ಎಂಬ ಇಬ್ಬರು ಕಪ್ಪು ವರ್ಣೀಯ ವಾದಕರು ನ್ಯೂಯಾರ್ಕ್ ಫಿಲ್ಹಾರ್ಮೊನಿಕ್ ವಿರುದ್ಧ ನಗರದ ಮಾನವ ಹಕ್ಕುಗಳ ಆಯೋಗಕ್ಕೆ ದೂರು ಕೊಟ್ಟರು. ಅವರಿಗೆ ಹುದ್ದೆ ಸಿಗದಿರುವುದರಲ್ಲಿ ತಾರತಮ್ಯವಿಲ್ಲವೆಂದು ಆಯೋಗ ಹೇಳಿತು. ಆದರೆ ಬದಲಿ ವಾದಕರನ್ನು ಕರೆಸಿಕೊಳ್ಳುವ ಪದ್ಧತಿಯಲ್ಲಿ ತಾರತಮ್ಯವಿದೆಯೆಂದು ಗುರುತಿಸಿತು. ಆ ಪಟ್ಟಿ ಪರಿಚಯ, ಶಿಫಾರಸುಗಳ ಮೇಲೆ ನಡೆಯುತ್ತಿತ್ತು.

ಮುಂದಿನ ದಶಕಗಳಲ್ಲಿ ಅಮೆರಿಕದ ಆರ್ಕೆಸ್ಟ್ರಾಗಳಲ್ಲಿ ಆಯ್ಕೆಗಾರರಿಗೆ ಕಾಣದಂತೆ ಪರದೆಯ ಹಿಂದೆ ಕುಳಿತು ನುಡಿಸುವ ಆಡಿಷನ್ (ಆಯ್ಕೆ ಪರೀಕ್ಷೆ) ರೂಢಿಗೆ ಬಂತು. ನಾನೂ ಹಾಗೆ ನುಡಿಸಿದ್ದೇನೆ. ಹೆಜ್ಜೆಯ ಸದ್ದಿನಿಂದ ಹೆಣ್ಣೋ ಗಂಡೋ ಎಂದು ತಿಳಿಯಬಾರದೆಂದು ನೆಲಕ್ಕೆ ಕಂಬಳಿ ಹಾಸಿರುತ್ತಾರೆ, ಬಾಯಿ ಬಿಡುವಂತಿಲ್ಲ, ಏನಾದರೂ ಕೇಳಬೇಕಾದರೆ ಪಕ್ಕದಲ್ಲಿರುವ ಸಹಾಯಕರ ಕಿವಿಯಲ್ಲಿ ಹೇಳಬೇಕು. ಇಷ್ಟೆಲ್ಲ ಎಚ್ಚರಿಕೆಯಿದ್ದರೂ ಅಲ್ಲಿನ ಆರ್ಕೆಸ್ಟ್ರಾಗಳ ಒಕ್ಕೂಟದ ಅಂಕಿಅಂಶಗಳ ಪ್ರಕಾರ 2014ರಲ್ಲಿ ಕಪ್ಪು ವರ್ಣೀಯ ವಾದಕರು ಶೇ. 1.8 ಇದ್ದರು, 2023ರ ವರದಿಯ ಹೊತ್ತಿಗೆ ಶೇ. 2.4ಕ್ಕೆ ಬಂದರು. ಮಹಿಳೆಯರ ಸಂಖ್ಯೆ ಈ ಅವಧಿಗೆ ಮುಂಚೆಯೇ ಬಹಳ ಏರಿತ್ತು.

ಕಾರಣವೇನೆಂದರೆ, ಪರದೆಯು ಕೋಣೆಯವರೆಗೆ ಬಂದವರಿಗೆ ಮಾತ್ರ ನ್ಯಾಯ ಕೊಡುತ್ತದೆ. ಒಳ್ಳೆಯ ವಾದ್ಯದ ಬೆಲೆ, ಖಾಸಗಿ ಪಾಠದ ಶುಲ್ಕ, ಒಂದೊಂದು ಆಡಿಷನ್‌ಗೂ ಕೈಯಿಂದ ಹಾಕುವ ವಿಮಾನ ಮತ್ತು ಹೋಟೆಲ್ ಖರ್ಚು, ಇವು ಪರದೆಗಿಂತ ಬಹಳ ಮುಂಚೆಯೇ ಜರಡಿ ಹಿಡಿಯುತ್ತವೆ. ಗೆದ್ದ ಮೇಲೂ ಒಂದೆರಡು ವರ್ಷಗಳ ಪರೀಕ್ಷಾರ್ಥ ಅವಧಿಯಿದೆ, ಅಲ್ಲಿ ಪರದೆಯಿಲ್ಲ. ಅಮೆರಿಕದ ಸ್ಫಿಂಕ್ಸ್ ಸಂಸ್ಥೆ ಇತರರೊಡನೆ ಸೇರಿ 2018ರಲ್ಲಿ ಕಪ್ಪು ಮತ್ತು ಲ್ಯಾಟಿನೊ ವಾದಕರಿಗೆ ಆಡಿಷನ್ ಪ್ರಯಾಣದ ಹಣ, ಅಣಕು ಆಡಿಷನ್, ಹಿರಿಯರ ಮಾರ್ಗದರ್ಶನ ಕೊಡುವ ವ್ಯವಸ್ಥೆ ಮಾಡಿತು. ಲಂಡನ್ನಿನಲ್ಲಿಯೇ ಚಿ-ಚಿ ನ್ವಾನೊಕು ಅವರು 2015ರಲ್ಲಿ ಕಟ್ಟಿದ ಚಿನೆಕೆ ಆರ್ಕೆಸ್ಟ್ರಾ ಇದೆ. ಬಹುಪಾಲು ಕಪ್ಪು ಮತ್ತು ಇತರ ಅಲ್ಪಸಂಖ್ಯಾತ ಜನಾಂಗಗಳ ವಾದಕರಿರುವ ಆ ತಂಡವನ್ನು ಒಮ್ಮೆ ಕೇಳಿದವರು ‘ನುರಿತವರು ಸಿಗುವುದಿಲ್ಲ’ ಎಂಬ ನೆಪವನ್ನು ಮತ್ತೆ ಹೇಳಲಾರರು. ಕರಾರುಗಳ ತಪಾಸಣೆ ಅಗತ್ಯವೇ, ಆದರೆ ಕರಾರಿನವರೆಗೆ ಬರಲಾಗದವರ ಹೆಸರು ಯಾವ ಕಡತದಲ್ಲೂ ಇರುವುದಿಲ್ಲ. ನಿಮ್ಮಲ್ಲಿಗೆ ಹಾಡು ಕಳುಹಿಸಿದವರಲ್ಲಿ ಯಾರ ಹಾಡನ್ನು ಕೇಳಿದಿರಿ, ಯಾರದನ್ನು ಕೇಳಲಿಲ್ಲ, ಯಾರು ಯಾರ ಶಿಫಾರಸಿನಿಂದ ಬಂದರು ಎಂಬುದನ್ನೂ ಒಂದು ವರ್ಷ ಬರೆದಿಡಿ.

ಕಾರ್ಯಕ್ರಮ ಆಯೋಜಕರ ಉತ್ತರ

ವೇದಿಕೆ ಕಾರ್ಯಕ್ರಮಗಳ ಬಗ್ಗೆ ಯಾರೂ ಬರೆದಿಲ್ಲವಾದ್ದರಿಂದ ಚಿಕ್ಕದಾಗಿ ಹೇಳುತ್ತೇನೆ. ಲಂಡನ್ ಮೆಟ್ರೊಪಾಲಿಟನ್ ಪೊಲೀಸರು 2005ರಿಂದ ‘ಫಾರ್ಮ್ 696’ ಎಂಬ ಅರ್ಜಿಯನ್ನು ಬಳಸುತ್ತಿದ್ದರು. ಮುದ್ರಿತ ಸಂಗೀತದ ಜೊತೆ ಡಿಜೆಗಳೋ ಎಂಸಿಗಳೋ (ಸಂಗೀತದ ಮೇಲೆ ರ‍್ಯಾಪ್ ಸಾಲು ಹೇಳುವವರು) ಪ್ರದರ್ಶನ ಕೊಡುವ ಕಾರ್ಯಕ್ರಮಗಳಿಗೆ ಕಲಾವಿದರ ಹೆಸರು, ವಿಳಾಸ, ದೂರವಾಣಿ ಸಂಖ್ಯೆಗಳನ್ನು ಮೊದಲೇ ಕೊಡಬೇಕಿತ್ತು. ಆರಂಭದ ಆವೃತ್ತಿಯಲ್ಲಿ ಪ್ರೇಕ್ಷಕರು ಯಾವ ಜನಾಂಗದವರು ಎಂಬ ಪ್ರಶ್ನೆಯೂ ಇತ್ತು. ಹೆಚ್ಚಾಗಿ ಲಂಡನ್ನಿನ ಕಪ್ಪು ವರ್ಣೀಯರ ನಡುವೆ ಬೆಳೆದ ಗ್ರೈಮ್, ಗ್ಯಾರೇಜ್ ಸಂಗೀತದ ಕಲಾವಿದರ ಎಷ್ಟೋ ರಾತ್ರಿಗಳು ಹೀಗೆ ರದ್ದಾದವೆಂಬ ಟೀಕೆ ಬಲವಾದ ಮೇಲೆ 2017ರ ನವೆಂಬರ್‌ನಲ್ಲಿ ಅದನ್ನು ಕೈಬಿಡಲಾಯಿತು.

ಅರ್ಜಿ ಹೋದರೂ ಅಭ್ಯಾಸ ಉಳಿದಿದೆ. ಒಂದೇ ಸಭಾಂಗಣದಲ್ಲಿ ಗಿಟಾರ್ ತಂಡದ ರಾತ್ರಿ ಬಾಗಿಲಲ್ಲಿ ಇಬ್ಬರು ಕಾವಲುಗಾರರು ಚೀಲ ನೋಡಿ ಒಳಗೆ ಬಿಡುತ್ತಾರೆ. ರ‍್ಯಾಪ್ ಕಾರ್ಯಕ್ರಮಕ್ಕೆ ಅದೇ ಬಾಗಿಲಲ್ಲಿ ಲೋಹಶೋಧಕ, ಗುರುತಿನ ಚೀಟಿಯ ಸ್ಕ್ಯಾನರ್ ಬರುತ್ತವೆ, ಬೇಗ ಮುಗಿಸಬೇಕೆಂಬ ಷರತ್ತು ಬರುತ್ತದೆ, ಅವುಗಳ ಖರ್ಚೂ ಆಯೋಜಕರ ತಲೆಗೆ ಬರುತ್ತದೆ. ಆ ಖರ್ಚನ್ನು ಕಳೆದ ಮೇಲೆ ಕಲಾವಿದರಿಗೆ ಉಳಿಯುವ ಸಂಭಾವನೆ ಕಡಿಮೆ. ಸಭಾಂಗಣದವರಿಂದ ಕಳೆದ ವರ್ಷದ ಭದ್ರತಾ ಬಿಲ್ಲುಗಳನ್ನು ತರಿಸಿಕೊಂಡು ಹೋಲಿಸಿ. ಹೆಚ್ಚಿನ ಭದ್ರತೆ ಕೇಳಿದರೆ ಹಿಂದಿನ ಯಾವ ಘಟನೆಯ ಆಧಾರದ ಮೇಲೆ ಎಂದು ಲಿಖಿತವಾಗಿ ತಿಳಿಸಬೇಕೆಂಬ ಷರತ್ತನ್ನು ಬಾಡಿಗೆ ಒಪ್ಪಂದದಲ್ಲೇ ಸೇರಿಸಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಇನ್ನೆರಡು ಸಂದೇಹಗಳಿವೆ. ನಮ್ಮ ಸಿಬ್ಬಂದಿ ಇಪ್ಪತ್ತಕ್ಕಿಂತ ಕಡಿಮೆ; ಇಷ್ಟು ಸಣ್ಣ ಗುಂಪಿನಲ್ಲಿ ಜನಾಂಗದ ಸಮೀಕ್ಷೆ ಮಾಡಿದರೆ ಯಾರು ಏನು ಬರೆದರೆಂಬುದು ಗೊತ್ತಾಗಿಬಿಡುವುದಿಲ್ಲವೇ? ಹಾಗೆಯೇ, ಹಳೆಯ ಕರಾರುಗಳಲ್ಲಿ ಅಂತರ ಕಂಡುಬಂದರೆ ಅದನ್ನು ಸರಿಪಡಿಸುವ ಕ್ರಮ ಯಾವುದು?

ನೇಮಕಾತಿ ವಿಭಾಗದವರು

ಗೊತ್ತಾಗಿಯೇ ಆಗುತ್ತದೆ, ಆದ್ದರಿಂದ ಸಮೀಕ್ಷೆಯ ಪಟ್ಟಿಯನ್ನು ಪ್ರಕಟಿಸಬೇಡಿ. ಉತ್ತರ ಐಚ್ಛಿಕವಾಗಿರಲಿ, ‘ಹೇಳಲು ಇಚ್ಛೆಯಿಲ್ಲ’ ಎಂಬ ಆಯ್ಕೆಯಿರಲಿ, ಹಾಳೆಗಳು ಹೊರಗಿನ ಒಬ್ಬ ಸಲಹೆಗಾರರ ಬಳಿ ಮಾತ್ರ ಇರಲಿ. ಬ್ಲ್ಯಾಕ್ ಲೈವ್ಸ್ ಇನ್ ಮ್ಯೂಸಿಕ್ ಸಂಸ್ಥೆಯ 2021ರ ವರದಿಯಲ್ಲಿ ಉತ್ತರಿಸಿದ ಕಪ್ಪು ವರ್ಣೀಯ ಸಂಗೀತಗಾರರಲ್ಲಿ ಶೇ. 63 ಮಂದಿ ನೇರವಾಗಿಯೋ ಪರೋಕ್ಷವಾಗಿಯೋ ಜನಾಂಗೀಯ ನಿಂದನೆ, ತಾರತಮ್ಯಗಳನ್ನು ಅನುಭವಿಸಿದ್ದಾಗಿ ಹೇಳಿದ್ದಾರೆ. ಅಷ್ಟು ಮಂದಿ ಮನಬಿಚ್ಚಿ ಹೇಳಲು ಸಾಧ್ಯವಾದದ್ದು ಕೇಳಿದವರು ಅವರ ಮಾಲೀಕರಾಗಿರಲಿಲ್ಲ ಎಂಬ ಕಾರಣದಿಂದಲೂ ಇರಬಹುದು. ಇನ್ನೊಂದು ವಿನಂತಿ: ಈ ಯೋಜನೆಯ ಸಮಿತಿಗೆ ನಿಮ್ಮ ಕಪ್ಪು ವರ್ಣೀಯ ಸಹೋದ್ಯೋಗಿಗಳನ್ನು ಸೇರಿಸುವುದಾದರೆ ಅದನ್ನು ಅವರ ಕೆಲಸದ ಗಂಟೆಗಳಲ್ಲಿ ಲೆಕ್ಕ ಹಿಡಿಯಿರಿ, ಇಲ್ಲವೇ ಪ್ರತ್ಯೇಕ ಸಂಭಾವನೆ ಕೊಡಿ.

ರಾಯಲ್ಟಿ ಲೆಕ್ಕ ನೋಡಿಕೊಳ್ಳುತ್ತಿದ್ದವರು

ಎರಡನೆಯ ಪ್ರಶ್ನೆಯಲ್ಲಿ ಒಂದು ಹೊಂಡವಿದೆ. ದರವನ್ನು ಹೆಚ್ಚಿಸಿ ಹಳೆಯ ವ್ಯತ್ಯಾಸವನ್ನು ಖಾತೆಗೆ ಜಮಾ ಮಾಡಿದರೆ, ಬಾಕಿಯಿರುವ ಕಲಾವಿದರ ಕೈಗೆ ಏನೂ ಬರುವುದಿಲ್ಲ. ಆ ಹಣ ಬಾಕಿಯಲ್ಲಿಯೇ ಕರಗಿಹೋಗುತ್ತದೆ, ಸಂಸ್ಥೆಯ ವರದಿಯಲ್ಲಿ ಮಾತ್ರ ‘ಸರಿಪಡಿಸಲಾಗಿದೆ’ ಎಂದು ಕಾಣುತ್ತದೆ. ಸೋನಿ ಮ್ಯೂಸಿಕ್ 2021ರಲ್ಲಿ ಬೇರೆ ದಾರಿ ಹಿಡಿಯಿತು: 2000ಕ್ಕಿಂತ ಮೊದಲು ಸಹಿ ಮಾಡಿದ ಅರ್ಹ ಕಲಾವಿದರ ಹಳೆಯ ಬಾಕಿಯನ್ನು ಬದಿಗಿಟ್ಟು, ಅಲ್ಲಿಂದ ಮುಂದೆ ಬರುವ ರಾಯಲ್ಟಿಯನ್ನು ನೇರವಾಗಿ ಪಾವತಿಸುವುದಾಗಿ ಪ್ರಕಟಿಸಿತು. ಮರುವರ್ಷ ವಾರ್ನರ್ ಮತ್ತು ಯೂನಿವರ್ಸಲ್ ಕೂಡ ಇಂಥದೇ ಕ್ರಮ ಕೈಗೊಂಡವು. ಅದು ಎಲ್ಲ ಜನಾಂಗದವರಿಗೂ ಅನ್ವಯಿಸಿದ ಕ್ರಮ, ಆದರೆ ಹಳೆಯ ಕರಾರುಗಳಲ್ಲಿ ಹೆಚ್ಚು ಪೆಟ್ಟು ತಿಂದವರಿಗೆ ಅದರ ಉಪಯೋಗ ಹೆಚ್ಚು. ನಿಮ್ಮಲ್ಲಿಯೂ ಹೀಗೆ ಒಂದು ನಿರ್ದಿಷ್ಟ ವರ್ಷಕ್ಕಿಂತ ಹಿಂದಿನ ಎಲ್ಲ ಕರಾರುಗಳಿಗೂ ಕನಿಷ್ಠ ದರವೊಂದನ್ನು ನಿಗದಿಪಡಿಸಿ, ವಿಡಿಯೊ ಖರ್ಚಿನ ವಸೂಲಿಯನ್ನು ಅರ್ಧಕ್ಕೆ ಇಳಿಸಿ, ‘ಪ್ಯಾಕಿಂಗ್’ನಂಥ ಕಡಿತಗಳನ್ನು ಹೊಡೆದುಹಾಕಿ, ಹಿಂದಿನ ವ್ಯತ್ಯಾಸವನ್ನು ಬಾಕಿಗೆ ತಾಗದಂತೆ ಬ್ಯಾಂಕಿಗೆ ಕಳುಹಿಸಿ. ತಿದ್ದುಪಡಿಯ ಪತ್ರದಲ್ಲಿ ಇದಕ್ಕೆ ಪ್ರತಿಯಾಗಿ ಹಕ್ಕಿನ ಅವಧಿಯನ್ನು ವಿಸ್ತರಿಸುವ ಸಾಲೊಂದನ್ನು ಯಾರಾದರೂ ಸೇರಿಸಲು ಹೊರಟರೆ ಅದನ್ನು ಅಲ್ಲೇ ತೆಗೆಸಿ.