ಆರರಲ್ಲಿ ನಾಲ್ಕನ್ನು ಆರಿಸುವ ಒಗಟು: ನೀವು ಹೇಗೆ ಬಿಡಿಸುತ್ತೀರಿ?

ಕೇಳಿದವರು: ಎಂಬಿಎ ಪ್ರವೇಶಕ್ಕೆ ನವೆಂಬರಿನಲ್ಲಿ ನಡೆಯುವ ಕ್ಯಾಟ್ ಪರೀಕ್ಷೆಗೆ ಓದುತ್ತಿದ್ದೇನೆ. ಲೆಕ್ಕಕ್ಕೆ ಹೆದರಿಕೆಯಿಲ್ಲ. ‘ಇವರು ಬಂದರೆ ಅವರು ಬರುವುದಿಲ್ಲ, ಆರರಲ್ಲಿ ನಾಲ್ವರನ್ನು ಆರಿಸಿ’ ಎಂಬ ಬಗೆಯದು ಕಂಡರೆ ಮಾತ್ರ ಕೈಕಾಲು ಆಡುವುದಿಲ್ಲ. ಒಂದಕ್ಕೇ ಇಪ್ಪತ್ತು ನಿಮಿಷ ಹೋಗುತ್ತದೆ. ದಾಟಿದವರೂ ಎಡವಿದವರೂ ಹೇಳಿ.

ಎರಡನೆಯ ಯತ್ನದಲ್ಲಿ ದಾಟಿದವಳು: ಒಳಗೆ ಯಾರು ಎಂದೇ ತಡಕಾಡುತ್ತಿದ್ದೆ. ಹೊರಗೆ ಯಾರು ಎಂದು ಎಣಿಸಲು ಕಲಿತ ಮೇಲೆ ದಾರಿ ಕಂಡಿತು. ಮದುವೆ ಊಟಕ್ಕೆ ಆರು ಬಗೆ ಇವೆ ಎನ್ನೋಣ: ಹೋಳಿಗೆ, ಪಾಯಸ, ಬಿಸಿಬೇಳೆಬಾತ್, ಹಪ್ಪಳ, ಕೋಸಂಬರಿ, ಚಿತ್ರಾನ್ನ. ನಾಲ್ಕನ್ನೇ ಬಡಿಸಬೇಕು. ಹೋಳಿಗೆ ಇದ್ದರೆ ಪಾಯಸ ಇಲ್ಲ. ಬಿಸಿಬೇಳೆಬಾತ್ ಇದ್ದರೆ ಹಪ್ಪಳ ಬೇಕೇ ಬೇಕು. ಕೋಸಂಬರಿ ಇಲ್ಲದಿದ್ದರೆ ಪಾಯಸ ಇರಬೇಕು.

ಹೊರಗಿನ ಜಾಗ ಎರಡೇ. ಹೋಳಿಗೆ, ಪಾಯಸಗಳಲ್ಲಿ ಒಂದಾದರೂ ಅಲ್ಲಿಗೆ ಹೋಗಲೇಬೇಕು. ಈಗ ಹಪ್ಪಳವನ್ನು ಬಿಟ್ಟು ನೋಡಿ. ಅದರ ಹಿಂದೆಯೇ ಬಿಸಿಬೇಳೆಬಾತೂ ಎದ್ದು ಹೋಗುತ್ತದೆ. ಒಟ್ಟು ಮೂರಾಯಿತು, ಜಾಗ ಸಾಲದು. ಅಂದರೆ ಪ್ರಶ್ನೆ ಓದುವ ಮೊದಲೇ ಹಪ್ಪಳದ ಜಾಗ ಗಟ್ಟಿ. ಹಾಗೆಯೇ ಹೋಳಿಗೆ ಇದ್ದರೆ ಪಾಯಸ ಇಲ್ಲ, ಪಾಯಸ ಇಲ್ಲದಿದ್ದರೆ ಕೋಸಂಬರಿ ಬೇಕು. ಈ ಎರಡನ್ನೂ ಒಂದೇ ಸಾಲಿನಲ್ಲಿ ಬಾಣ ಹಾಕಿ ಜೋಡಿಸಿಕೊಳ್ಳಿ. ನಾನು ಈ ಜೋಡಣೆಗೇ ಮೂರು ನಿಮಿಷ ಕೊಡುತ್ತಿದ್ದೆ. ಆಮೇಲೆ ಪ್ರಶ್ನೆಗಳು ಬೇಗ ಮುಗಿಯುತ್ತವೆ.

ಕನ್ನಡ ಮಾಧ್ಯಮದಲ್ಲಿ ಓದಿದವನು: ನನ್ನನ್ನು ಕೆಡಿಸಿದ್ದು ‘ಓನ್ಲಿ ಇಫ್’. ‘ಹಪ್ಪಳ ಇದ್ದರೆ ಮಾತ್ರ ಬಿಸಿಬೇಳೆಬಾತ್’ ಎಂದು ಮನಸ್ಸಿನಲ್ಲೇ ಕನ್ನಡಕ್ಕೆ ತಿರುಗಿಸಿಕೊಳ್ಳುತ್ತಿದ್ದೆ. ‘ಇದ್ದರೆ’ ಹಪ್ಪಳಕ್ಕೆ ಅಂಟಿಕೊಂಡಿದೆಯಲ್ಲ, ಬಾಣವೂ ಅಲ್ಲಿಂದಲೇ ಹೊರಡುತ್ತಿತ್ತು. ತಪ್ಪು. ಬಾಣ ಹೊರಡಬೇಕಾದದ್ದು ಬಿಸಿಬೇಳೆಬಾತಿನಿಂದ. ಹಪ್ಪಳ ಇದೆ ಎಂದ ಮಾತ್ರಕ್ಕೆ ಬಾತ್ ಬರಬೇಕಾಗಿಲ್ಲ. ಹಪ್ಪಳ ಇಲ್ಲದಿದ್ದರೆ ಬಾತ್ ಇಲ್ಲ, ಅಷ್ಟೇ. ಪ್ರತಿ ನಿಯಮದ ಕೆಳಗೂ ಈ ತಿರುವನ್ನು ಬರೆದುಕೊಳ್ಳುವ ರೂಢಿಯಾಗಲು ನನಗೆ ಎರಡು ವಾರ ಹಿಡಿಯಿತು.

ಹಳೆಯ ಅಭ್ಯರ್ಥಿ: ಅಭ್ಯಾಸಕ್ಕೆ ಅಮೆರಿಕದ ಕಾನೂನು ಕಾಲೇಜುಗಳ ಎಲ್‌ಸ್ಯಾಟ್ ಹಳೆಯ ಪತ್ರಿಕೆಗಳನ್ನು ಹಿಡಿಯಿರಿ. 35 ನಿಮಿಷಕ್ಕೆ ನಾಲ್ಕು ಒಗಟುಗಳ ಒಂದು ವಿಭಾಗವೇ ಇತ್ತು. 2024ರ ಆಗಸ್ಟ್‌ನಿಂದ ಅದನ್ನು ಕೈಬಿಟ್ಟಿದ್ದಾರೆ, ಆದರೆ ಕಸರತ್ತಿಗೆ ಈಗಲೂ ಅದಕ್ಕಿಂತ ಒಳ್ಳೆಯ ಗರಡಿ ನನಗೆ ಸಿಕ್ಕಿಲ್ಲ. ‘ಕೆಳಗಿನವುಗಳಲ್ಲಿ ಯಾವ ತಂಡ ಸಾಧ್ಯ’ ಎಂದು ಕೇಳಿದರೆ ನೀವೇ ತಂಡ ಕಟ್ಟಲು ಹೋಗಬೇಡಿ. ಒಂದೊಂದೇ ನಿಯಮ ಹಿಡಿದು ಆಯ್ಕೆಗಳನ್ನು ಹೊಡೆದುಹಾಕಿ. ಉಳಿದ ತಂಡವನ್ನು ಅಳಿಸಬೇಡಿ, ಮುಂದಿನ ಪ್ರಶ್ನೆಗೆ ಅದೇ ಸಾಕ್ಷಿಯಾಗುತ್ತದೆ.

ಎಡವಿದವನು: ಕ್ಯಾಟ್‌ನಲ್ಲಿ ವಿಭಾಗಕ್ಕೆ 40 ನಿಮಿಷ. ಅದರಲ್ಲಿ 25ನ್ನು ಒಂದೇ ಒಗಟಿಗೆ ಸುರಿದೆ, ಹಟಕ್ಕೆ ಬಿದ್ದು. ಐದು ನಿಮಿಷದಲ್ಲಿ ಒಂದು ಜಾಗವೂ ಗಟ್ಟಿಯಾಗದಿದ್ದರೆ ಎದ್ದುಬಿಡಿ.

ಕೇಳಿದವರು: ಊಟದ ಲೆಕ್ಕ ಮಾಡಿ ನೋಡಿದೆ. ಹೋಳಿಗೆ, ಪಾಯಸ ಎರಡನ್ನೂ ಬಿಟ್ಟರೂ ನಿಯಮ ಮುರಿಯುವುದಿಲ್ಲವಲ್ಲ?

ಎರಡನೆಯ ಯತ್ನದಲ್ಲಿ ದಾಟಿದವಳು: ಮುರಿಯುವುದಿಲ್ಲ. ಎರಡೂ ಒಟ್ಟಿಗೆ ಬೇಡ ಎಂದಿದೆ, ಒಂದು ಇರಲೇಬೇಕು ಎಂದಿಲ್ಲ. ಸಿಹಿಯಿಲ್ಲದ ಮದುವೆ ಊಟಕ್ಕೆ ಬೀಗರು ಏನೆನ್ನುತ್ತಾರೆ ಎಂಬುದನ್ನು ಪರೀಕ್ಷೆಯಲ್ಲಿ ಕೇಳುವುದಿಲ್ಲ.